ಬೀಸುವ ಪದದ ಅಜ್ಜಿ ಬಂದಿಲ್ಲ

ಇಂದಿರಾನಗರ, ಬೆಂಗಳೂರು-38
2 ಡಿಸೆಂಬರ್ 1974

ಮಾನ್ಯ ಮುನಿವೆಂಕಟಪ್ಪನವರಿಗೆ,

ನಮಸ್ಕಾರಗಳು. ನಾನು ಯಾರೆಂದು ನಿಮಗೆ ಗೊತ್ತಿರಲಾರದು, ನಿಮ್ಮ ತಾಯಿ ದೊಡ್ಡಮುನಿಯಮ್ಮನವರಿಗೆ ಗೊತ್ತು. ನಮ್ಮ ಕಾಲೇಜಿನ ಕನ್ನಡ ಮೇಷ್ಟ್ರು ವೆಂಕಟಾಚಲ ಅವರು ಟೇಪ್ ರೆಕಾರ್ಡರ್ ಹೊತ್ತುಕೊಂಡು ದೇವಸಂದ್ರದ ನಿಮ್ಮ ಮನೆಗೆ ಮೂರು ಸಲ ಬಂದಿದ್ದರಲ್ಲ, ಆಗ ಜೊತೆಯಲ್ಲಿ ಬಂದು ಹಾಡು ಬರೆದುಕೊಂಡವಳು ನಾನು. ಮೂರು ಸಲವೂ ನೀವು ಫ್ಯಾಕ್ಟರಿಗೆ ಹೋಗಿದ್ದಿರಿ. ವಿಳಾಸ ಮೇಷ್ಟ್ರ ಪುಸ್ತಕದಲ್ಲಿತ್ತು.

ನವೆಂಬರ್ ಒಂಬತ್ತನೇ ತಾರೀಖು ಹಲಸೂರಿನ ಸಭಾಂಗಣದಲ್ಲಿ ನಡೆದ ನಮ್ಮ ಜಾನಪದ ಸಂಜೆಗೆ ನಾನು ಸ್ವಯಂಸೇವಕಿಯಾಗಿದ್ದೆ. ಕೆ.ಆರ್. ಪುರದ ಬಸ್ ನಿಲ್ದಾಣದಿಂದ ನಿಮ್ಮ ತಾಯಿಯವರನ್ನು ಕರೆತರುವ ಕೆಲಸ ನನ್ನದು. ಅಂದು ಬಹಳ ಗಲಿಬಿಲಿಯಾಯಿತು. ಅತಿಥಿಗಳ ಭಾಷಣ ಉದ್ದವಾಗಿ, ಯಾರನ್ನು ಯಾವಾಗ ಕರೆಯಬೇಕೆಂಬುದೇ ತಿಳಿಯದೆ, ಅವರಿಗೆ ಹಾಡುವ ಅವಕಾಶ ತಪ್ಪಿಹೋಯಿತು. ಅವರ ಬೀಸುವ ಪದವನ್ನು ನಾನೇ ಹಾಡಬೇಕಾಗಿ ಬಂತು. ಇದಕ್ಕಾಗಿ ನಮ್ಮ ಕಾಲೇಜಿನ ಕನ್ನಡ ಸಂಘದ ಪರವಾಗಿ ಕ್ಷಮೆ ಕೇಳುತ್ತೇನೆ.

ಇನ್ನೊಂದು ವಿಷಯ. ಅಂದು ಸಭೆಯಲ್ಲಿದ್ದ ಆಕಾಶವಾಣಿಯವರೊಬ್ಬರು ಆ ಹಾಡನ್ನು ಯುವಕರ ಕಾರ್ಯಕ್ರಮದಲ್ಲಿ ಹಾಡಲು ನನ್ನನ್ನು ಕರೆದಿದ್ದಾರೆ. ಎಂಟು ನಿಮಿಷ ಹಾಡಬೇಕು. ನನಗೆ ಬರುವುದು ಮೂರೇ ನುಡಿ. ಟೇಪಿನಲ್ಲಿರುವುದೂ ಅಷ್ಟೇ. ಉಳಿದ ನುಡಿಗಳನ್ನು ನಿಮ್ಮ ತಾಯಿಯವರಿಂದ ಕೇಳಿ ಬರೆದು ಕಳಿಸಿದರೆ ದೊಡ್ಡ ಉಪಕಾರವಾಗುತ್ತದೆ. ರೇಡಿಯೋದಲ್ಲಿ ಅವರ ಹೆಸರನ್ನು ಖಂಡಿತ ಹೇಳಿಸುತ್ತೇನೆ.

ಅಜ್ಜಿಯವರಿಗೆ ನನ್ನ ನಮಸ್ಕಾರ ತಿಳಿಸಿ.

ಇತಿ,
ಕೆ. ರಮಾಮಣಿ
ದ್ವಿತೀಯ ಬಿ.ಎ.


ದೇವಸಂದ್ರ, ಕೃಷ್ಣರಾಜಪುರ
15 ಡಿಸೆಂಬರ್ 1974

ಕುಮಾರಿ ರಮಾಮಣಿಯವರಿಗೆ,

ನಿಮ್ಮ ಪತ್ರ ತಲುಪಿತು. ಎರಡನೇ ಪಾಳಿ ಇದ್ದುದರಿಂದ ಉತ್ತರ ತಡವಾಯಿತು.

ಪತ್ರವನ್ನು ಅಮ್ಮನಿಗೆ ಓದಿ ಹೇಳಿದೆ. ಕೊನೆಯವರೆಗೂ ಕೇಳಿದಳು. ‘ಆಗ್ಲಿ’ ಎಂದಳು. ಹಾಗಾದರೆ ಹೇಳು, ಬರೆದುಕೊಳ್ಳುತ್ತೇನೆ ಎಂದು ಪೆನ್ನು ಹಿಡಿದು ಕೂತೆ. ‘ಹಂಗೆ ಕೇಳಿದ್ರೆ ಬರಾಕಿಲ್ಲ ಕಣೋ’ ಎಂದು ಎದ್ದು ಹಸುವಿಗೆ ಹುಲ್ಲು ಹಾಕಲು ಹೋದಳು. ಮರುದಿನವೂ ಕೇಳಿದೆ. ಅದೇ ಮಾತು. ಬೇಕಾದವರು ಬಂದು ಕೇಳಿಕೊಳ್ಳಲಿ ಎಂದು ಅವಳ ಮನಸ್ಸಿನಲ್ಲಿರಬಹುದು. ಬಾಯಿಬಿಟ್ಟು ಹೇಳಿಲ್ಲ.

ನೀವು ಕ್ಷಮೆ ಕೇಳುವ ಅಗತ್ಯವಿಲ್ಲ. ದೊಡ್ಡ ಕಾರ್ಯಕ್ರಮ ಎಂದ ಮೇಲೆ ಹೆಚ್ಚುಕಡಿಮೆ ಆಗುತ್ತದೆ. ಅಂದು ನಾನೂ ಸಭೆಯಲ್ಲಿದ್ದೆ. ಅಮ್ಮನಿಗೆ ಕೊಟ್ಟಿದ್ದ ಪಾಸಿನಲ್ಲಿ ನಾಲ್ಕನೇ ಸಾಲಿನಲ್ಲಿ ಕುಳಿತಿದ್ದೆ. ನಿಮ್ಮ ಹಾಡು ಚೆನ್ನಾಗಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಇಂತಿ,
ಮುನಿವೆಂಕಟಪ್ಪ


ಇಂದಿರಾನಗರ
28 ಡಿಸೆಂಬರ್ 1974

ಮಾನ್ಯರೇ,

ನೀವು ನಾಲ್ಕನೇ ಸಾಲಿನಲ್ಲಿದ್ದಿರಿ ಎಂದು ಓದಿದಾಗ ಪತ್ರ ಮಡಿಚಿಟ್ಟುಬಿಟ್ಟೆ. ಒಂದು ವಾರ ತೆಗೆಯಲಿಲ್ಲ.

ಹಾಗಾದರೆ ನನ್ನ ಹಾಡಿಗೆ ಮುಂಚೆ ಮೈಕಿನಲ್ಲಿ ಹೇಳಿದ್ದೂ ನಿಮಗೆ ಕೇಳಿಸಿರಬೇಕು. ‘ದೇವಸಂದ್ರದ ದೊಡ್ಡಮುನಿಯಮ್ಮನವರು ಕಾರಣಾಂತರಗಳಿಂದ ಬಂದಿಲ್ಲ’ ಎಂದು ಹೇಳಿದವನು ಸಂಘದ ಕಾರ್ಯದರ್ಶಿ ಕೃಷ್ಣಸ್ವಾಮಿ. ಅವನ ತಪ್ಪೇನೂ ಇಲ್ಲ. ಅಷ್ಟು ಜನರ ನಡುವೆ ಅಜ್ಜಿ ಎಲ್ಲಿ ಕುಳಿತಿದ್ದಾರೆಂದು ಅವನಿಗೆ ತಿಳಿದಿರಲಿಲ್ಲ. ನಾನು ಹುಡುಕಲು ಹೋಗಿದ್ದೆ, ಅಷ್ಟರಲ್ಲಿ ಹೊತ್ತು ಮೀರಿತು.

ಖುದ್ದಾಗಿ ಬಂದು ಹಾಡು ಕಲಿಯಬೇಕೆಂಬ ಆಸೆಯಿದೆ. ಆದರೆ ಪರೀಕ್ಷೆ ಹತ್ತಿರ ಬಂತು. ಮನೆಯಲ್ಲಿ ಒಬ್ಬಳನ್ನೇ ಕೆ.ಆರ್. ಪುರದವರೆಗೆ ಕಳಿಸುವುದಿಲ್ಲ. ಆಕಾಶವಾಣಿಯ ಧ್ವನಿಮುದ್ರಣ ಜನವರಿ 27ಕ್ಕೆ ಗೊತ್ತಾಗಿದೆ. ಅಷ್ಟರೊಳಗೆ ಎರಡು ನುಡಿ ಸಿಕ್ಕರೂ ಸಾಕು.

ಮೊನ್ನೆ ಸಮಾಜಶಾಸ್ತ್ರದ ಮೇಷ್ಟ್ರೊಬ್ಬರು ಜಾನಪದ ಸಂಜೆಯಲ್ಲಿ ದುಡಿದ ನಮಗೆಲ್ಲ ಒಂದೊಂದು ಹಾಳೆ ಕೊಟ್ಟರು. ವಿದ್ಯಾರ್ಥಿಗಳು ಇಂಥ ಕೆಲಸಗಳಿಗೆ ಏಕೆ ಮುಂದೆ ಬರುತ್ತಾರೆ ಎಂದು ಅವರು ಅಧ್ಯಯನ ಮಾಡುತ್ತಿದ್ದಾರಂತೆ. ಹಾಜರಾತಿ, ಪ್ರಮಾಣಪತ್ರ, ಸ್ನೇಹಿತರ ಒತ್ತಾಯ, ಸೇವಾ ಮನೋಭಾವ, ಕಲೆಯ ಮೇಲಿನ ಪ್ರೀತಿ ಎಂದು ಸಾಲಾಗಿ ಬರೆದು, ಸರಿಯೆನಿಸಿದ್ದಕ್ಕೆ ಗುರುತು ಹಾಕಲು ಹೇಳಿದ್ದರು. ನಾನು ಕಲೆಯ ಮೇಲಿನ ಪ್ರೀತಿಗೆ ಹಾಕಿದೆ. ಅದನ್ನು ನೋಡಿ ವೆಂಕಟಾಚಲ ಮೇಷ್ಟ್ರು ಕಾಲೇಜಿನ ವಾರ್ಷಿಕ ಸಂಚಿಕೆಗೆ ‘ನಾನೇಕೆ ಸ್ವಯಂಸೇವಕಿಯಾದೆ’ ಎಂಬ ಲೇಖನ ಬರೆದುಕೊಡು ಎಂದಿದ್ದಾರೆ. ಎರಡು ಸಲ ಬರೆದು ಹರಿದು ಹಾಕಿದೆ. ಇದನ್ನೆಲ್ಲ ನಿಮಗೇಕೆ ಬರೆಯುತ್ತಿದ್ದೇನೋ ನನಗೇ ತಿಳಿಯದು.

ಇತಿ,
ರಮಾಮಣಿ


ದೇವಸಂದ್ರ
12 ಜನವರಿ 1975

ಕುಮಾರಿ ರಮಾಮಣಿಯವರಿಗೆ,

ನುಡಿಗಳನ್ನು ಕಳಿಸಲು ಆಗುತ್ತಿಲ್ಲ. ತಪ್ಪು ತಿಳಿಯಬೇಡಿ.

ಅಮ್ಮ ಈಗ ಹಾಡುತ್ತಿಲ್ಲ. ಹಿಟ್ಟಿನ ಗಿರಣಿ ಬಂದ ಮೇಲೆ ನಮ್ಮ ಮನೆಯಲ್ಲಿ ರಾಗಿ ಬೀಸುವುದು ನಿಂತು ಏಳೆಂಟು ವರ್ಷವಾಗಿದೆ, ಆದರೂ ಬೆಳಗ್ಗೆ ಕೊಟ್ಟಿಗೆ ಗುಡಿಸುವಾಗ, ಸೊಪ್ಪು ಸೋಸುವಾಗ ಬಾಯಲ್ಲಿ ಪದ ಇದ್ದೇ ಇರುತ್ತಿತ್ತು. ನನ್ನ ಹೆಂಡತಿ ಮುನಿಗಂಗಮ್ಮ ಒಂದು ದಿನ ನನ್ನನ್ನು ಕೇಳಿದಳು, ‘ಅತ್ತೆಗೆ ಹುಷಾರಿಲ್ವಾ? ಮನೆ ಬಿಕೋ ಅಂತೈತೆ’ ಎಂದು. ಆಗಲೇ ನನಗೂ ಗೊತ್ತಾಗಿದ್ದು. ಹೋದ ವಾರ ಪಕ್ಕದ ಮನೆಯ ಮದುವೆಯಲ್ಲಿ ಅರಿಶಿನ ಕುಟ್ಟುವ ಪದಕ್ಕೆ ಕರೆದರು. ‘ಗಂಟಲು ಕಟ್ಟೈತೆ’ ಎಂದು ಹೋಗಿ ಸುಮ್ಮನೆ ಕುಳಿತು ಬಂದಳು. ಗಂಟಲು ಕಟ್ಟಿಲ್ಲ. ಹಸುವನ್ನು ಬೈಯುವುದು ಬೀದಿಗೆಲ್ಲ ಕೇಳಿಸುತ್ತದೆ.

ನಿಮ್ಮಿಂದ ಹೀಗಾಯಿತು ಎಂದು ನಾನು ಬರೆಯುತ್ತಿಲ್ಲ. ನೀವು ಎರಡು ಸಲ ಕೇಳಿದ್ದರಿಂದ ಕಾರಣ ತಿಳಿಸಿದೆ.

ಇಂತಿ,
ಮುನಿವೆಂಕಟಪ್ಪ


ಇಂದಿರಾನಗರ
20 ಜನವರಿ 1975

ಮುನಿವೆಂಕಟಪ್ಪನವರಿಗೆ,

ನಿಮ್ಮ ಪತ್ರ ಬಂದು ನಾಲ್ಕು ದಿನವಾಯಿತು. ನಾನು ಈವರೆಗೆ ಬರೆದ ಎರಡು ಪತ್ರಗಳಲ್ಲೂ ಸುಳ್ಳಿದೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಓದಿದ ಮೇಲೆ ನಿಮಗೆ ಸರಿ ತೋಚಿದ್ದನ್ನು ಮಾಡಿ.

ನಾನು ಏಳು ವರ್ಷದಿಂದ ಸಂಗೀತ ಕಲಿಯುತ್ತಿದ್ದೇನೆ. ಮನೆಗೆ ಬಂದವರ ಮುಂದೆ, ಗೌರಿಹಬ್ಬಕ್ಕೆ ಅಕ್ಕಪಕ್ಕದ ಮನೆಗಳಲ್ಲಿ ಹಾಡಿದ್ದು ಬಿಟ್ಟರೆ ಒಂದು ವೇದಿಕೆ ಹತ್ತಿಲ್ಲ. ಸೆಪ್ಟೆಂಬರಿನಲ್ಲಿ ಜಾನಪದ ಸಂಜೆ ಎಂದು ಫಲಕ ಹಾಕಿದಾಗ ಮೇಷ್ಟ್ರ ಬಳಿ ಹೋಗಿ ನಾನೂ ಹಾಡುತ್ತೇನೆ ಸಾರ್ ಎಂದೆ. ‘ಹಳ್ಳಿಯವರೇ ಬಂದು ಹಾಡ್ಬೇಕಮ್ಮ ಇದರಲ್ಲಿ. ನೀನು ಬೇಕಾದ್ರೆ ವಾಲಂಟಿಯರ್ ಆಗು’ ಎಂದರು. ಆದೆ. ವಾಲಂಟಿಯರುಗಳಿಗೆ ವೇದಿಕೆಯ ಹಿಂದೆ ಓಡಾಡಲು ಬಿಡುತ್ತಾರೆ, ಯಾರಾದರೂ ಕೈಕೊಟ್ಟರೆ ಪಕ್ಕದಲ್ಲಿ ನಿಂತವರನ್ನು ಕರೆಯುತ್ತಾರೆ ಎಂಬ ಆಸೆ. ನಿಮ್ಮ ಮನೆಗೆ ಮೂರು ಸಲ ಬಂದು ಅಷ್ಟು ಮುತುವರ್ಜಿಯಿಂದ ಹಾಡು ಬರೆದುಕೊಂಡಿದ್ದೂ ಅದಕ್ಕೇ. ಬರೆದುಕೊಂಡಿದ್ದಷ್ಟೇ ಅಲ್ಲ, ಮನೆಯಲ್ಲಿ ಬಾಗಿಲು ಹಾಕಿಕೊಂಡು ಅಜ್ಜಿಯ ಹಾಗೆಯೇ ಎಳೆದು ಎಳೆದು ಹಾಡಲು ಕಲಿತೆ.

ಅಂದು ಮಧ್ಯಾಹ್ನ ಮೂರು ಗಂಟೆಗೆ ಅಜ್ಜಿಯನ್ನು ಕರೆತಂದೆ. ಬಸ್ಸಿನಲ್ಲಿ ನನ್ನ ಕೈ ಹಿಡಿದುಕೊಂಡೇ ಕುಳಿತಿದ್ದರು. ಹಸಿರು ಸೀರೆ ಉಟ್ಟಿದ್ದರು, ಮಡಿಕೆ ಇನ್ನೂ ಮುರಿದಿರಲಿಲ್ಲ. ವೇದಿಕೆಯ ಹಿಂದಿನ ಕಾರಿಡಾರಿನಲ್ಲಿ, ನೀರಿನ ಹಂಡೆಯ ಪಕ್ಕ ಒಂದು ಬೆಂಚಿತ್ತು. ಅಲ್ಲಿ ಕೂರಿಸಿ ಹೇಳಿದೆ, ‘ಅಜ್ಜಿ, ಇಲ್ಲೇ ಕೂತಿರಿ. ನಾನು ಬಂದು ಕರೆಯೋವರೆಗೂ ಏಳ್ಬೇಡಿ. ಎದ್ದು ಹೋದ್ರೆ ಈ ಜನದಲ್ಲಿ ಸಿಕ್ಕಲ್ಲ.’ ಅವರು ತಲೆಯಾಡಿಸಿದರು.

ಏಳು ಗಂಟೆಗೆ ಕೃಷ್ಣಸ್ವಾಮಿ ಪಟ್ಟಿ ಹಿಡಿದು ಓಡಿಬಂದ. ‘ಬೀಸೋ ಪದದ ಅಜ್ಜಿ ಎಲ್ರೀ? ಬಂದಿದಾರಾ?’

ಕಾರಿಡಾರು ನನ್ನ ಬೆನ್ನಿಗೇ ಇತ್ತು. ಇಪ್ಪತ್ತು ಹೆಜ್ಜೆ ಕೂಡ ಇರಲಿಲ್ಲ. ನಾನು ‘ಇನ್ನೂ ಬಂದಿಲ್ಲ’ ಎಂದೆ.

‘ಅಯ್ಯೋ, ಈಗೇನ್ ಮಾಡೋದು?’

‘ಆ ಹಾಡು ನಂಗೆ ಬರುತ್ತೆ.’

ಇಷ್ಟೇ ನಡೆದದ್ದು. ಹುಡುಕಲು ಹೋಗಿದ್ದೆ ಎಂದು ನಿಮಗೆ ಬರೆದದ್ದು ಸುಳ್ಳು. ಹುಡುಕುವುದೇನಿತ್ತು, ಕೂರಿಸಿದವಳು ನಾನೇ. ಮುಂಚಿನಿಂದ ಯೋಚಿಸಿಕೊಂಡಿದ್ದೆನೇ ಎಂದು ಕೇಳಿದರೆ ಇಲ್ಲವೆಂದೇ ಹೇಳುತ್ತೇನೆ, ಆದರೆ ಉತ್ತರ ಬಹಳ ಬೇಗ ನನ್ನ ಬಾಯಿಗೆ ಬಂತು.

ಹಾಡಿದೆ. ಚಪ್ಪಾಳೆ ಬಿತ್ತು. ಅದು ಮುಗಿದ ಮೇಲೂ ಕಾರಿಡಾರಿನ ಕಡೆ ಹೋಗಲಿಲ್ಲ. ಎಂಟು ಗಂಟೆಯ ಹೊತ್ತಿಗೆ ಶಮೀಮ್ ಅಜ್ಜಿಯನ್ನು ನೋಡಿದಳಂತೆ. ಶಮೀಮ್ ನನ್ನ ಸಹಪಾಠಿ, ಮಸೀದಿ ರಸ್ತೆಯವಳು, ಅಂದು ನೀರು ಕೊಡುವ ಕೆಲಸ ಅವಳದು. ಒಂದು ಪೊಟ್ಟಣ ಪುಳಿಯೋಗರೆ ಕೊಟ್ಟು, ಕೈಹಿಡಿದು ರಸ್ತೆ ದಾಟಿಸಿ, ಬಸ್ಸು ಹತ್ತಿಸಿ, ಕಂಡಕ್ಟರಿಗೆ ಹೇಳಿ ಬಂದಳು. ಬಂದು ನನ್ನನ್ನು ಕೇಳಿದಳು, ‘ಅಜ್ಜಿ ಬಂದಿಲ್ಲ ಅಂದ್ಯಂತಲ್ಲ?’ ನಾನು ಬ್ಯಾಡ್ಜ್ ಬಿಚ್ಚತೊಡಗಿದೆ. ಅವಳು ಮತ್ತೆ ಕೇಳಲಿಲ್ಲ. ಈಗಲೂ ನೋಟ್ಸ್ ಕೇಳಿದರೆ ಕೊಡುತ್ತಾಳೆ, ಪಕ್ಕದಲ್ಲಿ ಕೂರುವುದಿಲ್ಲ.

ಆ ಹಾಳೆಗೆ ಶಮೀಮ್ ಏನು ಬರೆದಳು ಗೊತ್ತೇ? ಮೇಷ್ಟ್ರು ಕೊಟ್ಟ ಕಾರಣಗಳಲ್ಲಿ ಒಂದಕ್ಕೂ ಗುರುತು ಹಾಕದೆ ಕೆಳಗೆ ತಾನೇ ಬರೆದಿದ್ದಾಳೆ: ‘ಮನೆಯಲ್ಲಿ ಹತ್ತು ಜನಕ್ಕೆ ನೀರು ಕೊಟ್ಟರೂ ಯಾರೂ ಏನೂ ಅನ್ನುವುದಿಲ್ಲ, ಇಲ್ಲಿ ಕೊಟ್ಟರೆ ಥ್ಯಾಂಕ್ಸ್ ಅನ್ನುತ್ತಾರೆ.’ ಎಲ್ಲರೂ ನಕ್ಕರು. ಹಾಜರಾತಿ ಕಡಿಮೆ ಇದೆಯೆಂದು ಬಂದ ಅಕ್ತರ್ ಐದು ಗಂಟೆ ಹೊತ್ತು ಗೇಟು ಬಿಟ್ಟು ಕದಲಲಿಲ್ಲ. ಊಟದ ಆಸೆಗೆ ಬಂದ ಹುಡುಗರು ಕುರ್ಚಿಗಳನ್ನು ಹೊತ್ತು ತಂದರು, ಹೊತ್ತುಕೊಂಡೇ ಹೋಗಿ ವಾಪಸು ಇಟ್ಟರು. ಕಲೆಯ ಮೇಲಿನ ಪ್ರೀತಿ ಎಂದು ಬರೆದವಳು ನಾನೊಬ್ಬಳೇ.

ಆಕಾಶವಾಣಿಗೆ ಇಂದೇ ಕಾಗದ ಹಾಕಿದೆ. ಹಾಡು ನನ್ನದಲ್ಲ, ನಾನು ಬರುವುದಿಲ್ಲ, ಹಾಡುವವರು ದೇವಸಂದ್ರದಲ್ಲಿದ್ದಾರೆ ಎಂದು ಬರೆದಿದ್ದೇನೆ. ಇದರಿಂದ ಏನು ಸರಿಹೋಯಿತು ಎಂದು ನೀವು ಕೇಳಬಹುದು. ಏನೂ ಇಲ್ಲ.

ರಮಾಮಣಿ


ಇಂದಿರಾನಗರ
24 ಫೆಬ್ರವರಿ 1975

ಮುನಿವೆಂಕಟಪ್ಪನವರಿಗೆ,

ನಿಮ್ಮಿಂದ ಉತ್ತರ ಬಂದಿಲ್ಲ. ಬರಬೇಕೆಂದು ಕೇಳುವ ಮುಖವೂ ನನಗಿಲ್ಲ. ವೆಂಕಟಾಚಲ ಮೇಷ್ಟ್ರಿಗೆ ಎಲ್ಲವನ್ನೂ ಹೇಳಿದೆ. ‘ಅವತ್ತು ನಾನಾದ್ರೂ ಒಂದ್ಸಲ ಕಾರಿಡಾರಿಗೆ ಹೋಗಿ ನೋಡ್ಬೇಕಾಗಿತ್ತು’ ಎಂದರು. ಬೈದಿದ್ದರೆ ಚೆನ್ನಾಗಿತ್ತು. ಲೇಖನ ಬರೆಯುವುದಿಲ್ಲವೆಂದು ಹೇಳಿದೆ. ಅದಕ್ಕೂ ಆಗಲಿ ಎಂದರು.

ಅಜ್ಜಿ ಹೇಗಿದ್ದಾರೆ ಎಂಬುದೊಂದನ್ನು ಕಾರ್ಡಿನಲ್ಲಿ ಬರೆದರೂ ಸಾಕು.

ರಮಾಮಣಿ


ದೇವಸಂದ್ರ
18 ಮಾರ್ಚ್ 1975

ಕುಮಾರಿ ರಮಾಮಣಿಯವರಿಗೆ,

ಉತ್ತರ ಬರೆಯದೆ ಇದ್ದದ್ದು ಕೋಪದಿಂದಲ್ಲ. ಜನವರಿಯ ನಿಮ್ಮ ಪತ್ರವನ್ನು ಅಮ್ಮನಿಗೆ ಓದಿ ಹೇಳಲು ನನ್ನಿಂದಾಗಲಿಲ್ಲ. ಫ್ಯಾಕ್ಟರಿಯ ಬೀರುವಿನಲ್ಲಿ, ಕೆಲಸದ ಬಟ್ಟೆಯ ಕೆಳಗೆ ಇಟ್ಟಿದ್ದೇನೆ. ಏಕೆಂದು ಹೇಳುತ್ತೇನೆ.

ಅಂದು ಮೊದಲ ಪಾಳಿ ಮುಗಿಸಿಕೊಂಡು ಐದು ಗಂಟೆಗೆ ನಾನು ಹಲಸೂರಿಗೆ ಬಂದೆ. ಬಂದವನು ಮೊದಲು ಅಮ್ಮ ಎಲ್ಲಿದ್ದಾಳೆಂದು ನೋಡಿದೆ. ಕಾರಿಡಾರಿನ ಬಾಗಿಲು ತೆರೆದಿತ್ತು. ಬೆಂಚಿನ ಮೇಲೆ ಕುಳಿತಿದ್ದಳು. ಹೋಗಿ ಮಾತಾಡಿಸೋಣ ಎನ್ನುವಷ್ಟರಲ್ಲಿ ಯಾರೋ ಹೆಸರು ಹಿಡಿದು ಕರೆದರು. ನಮ್ಮ ವಿಭಾಗದ ಅಧಿಕಾರಿ ಅನಂತರಾಮು ಸಾಹೇಬರು. ಅವರ ಮಗಳ ನೃತ್ಯವಿತ್ತಂತೆ. ‘ಏನ್ರೀ ಮುನಿವೆಂಕಟಪ್ಪ, ನೀವೂ ಇಂಥದ್ದಕ್ಕೆಲ್ಲ ಬರ್ತೀರಾ?’ ಎಂದರು. ‘ಸುಮ್ನೆ ಬಂದೆ ಸಾರ್’ ಎಂದೆ. ಪಕ್ಕದಲ್ಲೇ ಕೂರಿಸಿಕೊಂಡರು. ಅಮ್ಮ ಹಾಡುತ್ತಾಳೆ ಎಂದು ಆಗಲೇ ಹೇಳಿಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು. ಹೇಳಲಿಲ್ಲ. ಹಾಡಿದ ಮೇಲೆ ಚೆನ್ನಾಗಿದೆ ಎಂದು ಅವರು ಹೊಗಳಿದರೆ ಹೇಳೋಣ, ನಕ್ಕರೆ ಸುಮ್ಮನಿದ್ದುಬಿಡೋಣ ಎಂದು ಲೆಕ್ಕ ಹಾಕಿದೆ. ಫ್ಯಾಕ್ಟರಿಗೆ ನಮ್ಮ ಹೊಲ ಹೋಗಿ, ಅದರ ಬದಲಿಗೆ ನನಗೆ ಕೆಲಸ ಬಂದದ್ದು. ಹತ್ತು ವರ್ಷವಾಯಿತು. ಇವತ್ತಿಗೂ ಅಲ್ಲಿ ನನ್ನನ್ನು ‘ಹೊಲದೋರು’ ಎಂದೇ ಕರೆಯುವವರಿದ್ದಾರೆ. ಇದು ಕಾರಣವಷ್ಟೇ. ನೆವ ಹೇಳುತ್ತಿಲ್ಲ.

ಮೈಕಿನಲ್ಲಿ ದೊಡ್ಡಮುನಿಯಮ್ಮನವರು ಬಂದಿಲ್ಲ ಎಂದರು. ಎರಡು ಗಂಟೆಯ ಹಿಂದೆ ನನ್ನ ಕಣ್ಣಿಂದಲೇ ನೋಡಿದ್ದೆ. ಎದ್ದು ನಿಂತು ‘ಬಂದವ್ರೆ, ಅಲ್ಲಿ ಕೂತವ್ರೆ’ ಎಂದಿದ್ದರೆ ಸಾಕಾಗಿತ್ತು. ಮೊಣಕಾಲಿನ ಮೇಲೆ ಕೈ ಊರಿದೆ ಕೂಡ. ಅಷ್ಟರಲ್ಲಿ ಸಾಹೇಬರು, ‘ಪಾಪ, ಹಳ್ಳಿ ಜನ. ಟೈಮ್ ಅನ್ನೋದೇ ಗೊತ್ತಾಗಲ್ಲ ಇವರಿಗೆ’ ಎಂದರು.

ನಾನು ‘ಹೌದು ಸಾರ್’ ಎಂದೆ.

ಆಮೇಲೆ ನೀವು ಬಂದು ಹಾಡಿದಿರಿ. ಸಾಹೇಬರು ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ಅಮ್ಮನನ್ನು ಕರೆದುಕೊಂಡು ಬರುವ ಧೈರ್ಯವಾಗದೆ, ಅವಳು ಹೋದ ಬಸ್ಸಿನ ನಂತರದ ಬಸ್ಸಿಗೆ ಬಂದೆ. ‘ಪಾಳಿ ಮುಗೀಲಿಲ್ಲ, ಬರಕ್ಕಾಗ್ಲಿಲ್ಲ’ ಎಂದೆ. ‘ಆಗ್ಲಿ ಬುಡು. ತಡ ಆಯ್ತಂತೆ, ನಾನೂ ಹಾಡ್ಲಿಲ್ಲ’ ಎಂದಳು. ನನ್ನ ಹೆಂಡತಿ ಬಿಡಲಿಲ್ಲ. ‘ಅದ್ಯಾಕತ್ತೆ, ಬಂದಿವ್ನಿ ಅಂತ ನೀವೇ ಎದ್ದೋಗಿ ಹೇಳ್ಬಾರದಿತ್ತಾ?’ ಎಂದು ಕೇಳಿದಳು. ಅಮ್ಮ ಹೇಳಿದ್ದಿಷ್ಟು: ‘ಆ ಮಗು ಏಳ್ಬೇಡಿ ಅಂದಿತ್ತು. ನಾನು ಎದ್ದೋಗಿ, ಅದು ಬಂದು ನೋಡಿ ನಾನಿಲ್ದಿದ್ರೆ, ಅದಕ್ಕೆ ಬೈಗುಳ ಆಗಾಕಿಲ್ವಾ?’

ಈ ಮಾತನ್ನು ಡಿಸೆಂಬರಿನಲ್ಲೇ ನಿಮಗೆ ಬರೆಯಬಹುದಿತ್ತು. ಬರೆದರೆ ನೀವು ನಿಜ ಬರೆಯುತ್ತೀರಿ, ನೀವು ಬರೆದರೆ ನಾನೂ ಬರೆಯಬೇಕಾಗುತ್ತದೆ ಎಂದು ಬಿಟ್ಟೆ. ನೀವು ಅವಳಿಗೆ ಯಾರೋ ಹೊರಗಿನವರು. ನಾನು ಹೊಟ್ಟೆಯಲ್ಲಿ ಹುಟ್ಟಿದವನು.

ಅಮ್ಮ ಚೆನ್ನಾಗಿದ್ದಾಳೆ. ಹಾಡುವುದಿಲ್ಲ.

ಇಂತಿ,
ಮುನಿವೆಂಕಟಪ್ಪ


ಇಂದಿರಾನಗರ
3 ಏಪ್ರಿಲ್ 1975

ಮುನಿವೆಂಕಟಪ್ಪನವರಿಗೆ,

ಪರೀಕ್ಷೆ ಮುಗಿಯಿತು. ಈ ತಿಂಗಳು 13ರ ಭಾನುವಾರ ಬೆಳಗ್ಗೆ ನಾನು ದೇವಸಂದ್ರಕ್ಕೆ ಬರುತ್ತೇನೆ. ಮನೆಯಲ್ಲಿ ಶಮೀಮಳ ಜೊತೆ ಹೋಗುತ್ತೇನೆಂದು ಹೇಳೋಣವೆಂದುಕೊಂಡೆ, ಆಮೇಲೆ ಅದೂ ಸುಳ್ಳಾಗುತ್ತದೆಂದು ಒಬ್ಬಳೇ ಹೋಗುತ್ತೇನೆ ಎಂದೇ ಅಣ್ಣನಿಗೆ ಹೇಳಿದೆ. ನಮ್ಮ ಮನೆಯಲ್ಲಿ ಅಪ್ಪನನ್ನು ಅಣ್ಣ ಎನ್ನುತ್ತೇವೆ. ಮೂರನೆಯ ದಿನ ಒಪ್ಪಿದರು.

ಹಾಡು ಕೇಳಲು ಬರುತ್ತಿಲ್ಲ. ನಾನು ಮಾಡಿದ್ದನ್ನು ಅಜ್ಜಿಗೆ ನಾನೇ ಹೇಳಬೇಕು. ನಿಮ್ಮ ವಿಷಯ ನನ್ನ ಬಾಯಿಂದ ಬರುವುದಿಲ್ಲ. ಅದು ನೀವು ಹೇಳಬೇಕಾದದ್ದು, ಹೇಳುವುದೂ ಬಿಡುವುದೂ ನಿಮಗೆ ಸೇರಿದ್ದು.

ಬರಬೇಡಿ ಎನ್ನುವುದಾದರೆ ಒಂದು ಕಾರ್ಡು ಹಾಕಿ.

ರಮಾಮಣಿ


ಇಂದಿರಾನಗರ
14 ಏಪ್ರಿಲ್ 1975

ಮುನಿವೆಂಕಟಪ್ಪನವರಿಗೆ,

ನಿನ್ನೆ ನೀವು ಸೋಡಾ ತರಲು ಹೋದವರು ವಾಪಸು ಬರುವುದರೊಳಗೆ ನಾನು ಹೊರಟುಬಿಟ್ಟೆ. ಬಸ್ಸಿಗೆ ಹೊತ್ತಾಯಿತು ಎಂದು ಅಜ್ಜಿಗೆ ಹೇಳಿದೆ. ಬಸ್ಸಿಗೆ ಹೊತ್ತಾಗಿರಲಿಲ್ಲ. ನಿಲ್ದಾಣದಲ್ಲಿ ಮುಕ್ಕಾಲು ಗಂಟೆ ನಿಂತಿದ್ದೆ. ಅಜ್ಜಿಗೂ ನನಗೂ ಏನು ಮಾತಾಯಿತೆಂದು ನಿಮಗೂ ತಿಳಿಯಬೇಕು.

ನೀವು ಅತ್ತ ಹೋದ ಕೂಡಲೇ ಹೇಳಿಬಿಟ್ಟೆ. ಮುನಿಗಂಗಮ್ಮನವರು ಒಳಗೆ ಒಲೆಯ ಮುಂದಿದ್ದರು, ಕೇಳಿಸಿರಬಹುದು. ಅಜ್ಜಿ ಒಣಗಿದ ಅವರೆಕಾಯಿ ಬಿಡಿಸುತ್ತಿದ್ದರು. ನಾನು ಹೇಳಿ ಮುಗಿಸುವವರೆಗೂ ತಲೆಯೆತ್ತಲಿಲ್ಲ, ಕೈಯೂ ನಿಲ್ಲಲಿಲ್ಲ. ಮುಗಿದ ಮೇಲೆ ಕೇಳಿದರು, ‘ಅಲ್ಲಾ ಮಗಾ, ನೀನು ಆ ಕೆಲ್ಸಕ್ಕೆ ಯಾಕೆ ಸೇರ್ಕೊಂಡೆ? ಬಂದೋರ್ನ ಕರ್ಕೊಂಬರೋದು, ನೀರು ಕೊಡೋದು, ಇದಕ್ಕೆಲ್ಲ?’

ಕಾಲೇಜಿನವರು ಅಚ್ಚು ಹಾಕಿಸಿದ ಹಾಳೆಯಲ್ಲಿ ಕೇಳಿದ್ದೂ ಇದನ್ನೇ. ಅಲ್ಲಿ ಬರೆಯಲಾಗದ್ದನ್ನು ಇಲ್ಲಿ ಹೇಳಿದೆ. ‘ಸ್ಟೇಜ್ ಹತ್ರ ಇರ್ಬಹುದು ಅಂತ ಅಜ್ಜಿ. ನಂಗೆ ಹಾಡೋ ಆಸೆ ಇತ್ತು.’

‘ಅಷ್ಟೇಯಾ?’ ಎಂದರು.

ಸ್ವಲ್ಪ ಹೊತ್ತು ಕಾಯಿ ಬಿಡಿಸಿದರು. ಆಮೇಲೆ ಹೇಳಿದರು: ‘ಬಸ್ಸಲ್ಲೇ ಅಂದಿದ್ರೆ ಆಗ್ತಿತ್ತು. ಬೀಸೋ ಪದ ಒಬ್ರು ಹಾಡೋದಲ್ಲ ಕಣವ್ವ. ಕಲ್ಲಿಗೆ ಇಬ್ರು ಕೂರ್ತಾರೆ. ಒಬ್ರು ಒಂದ್ಸಾಲು ಅಂದ್ರೆ ಇನ್ನೊಬ್ರು ಅದಕ್ಕೆ ಜವಾಬು ಅನ್ಬೇಕು. ನಿಮ್ಮ ಮೇಷ್ಟ್ರು ಮಿಷಿನ್ ತಂದಾಗ ಯಾರೂ ಇರ್ಲಿಲ್ಲ, ಎರಡೂ ನಾನೇ ಅಂದೆ. ಅಷ್ಟು ಜನದ ಮುಂದೆ ಹೆಂಗಪ್ಪ ಒಬ್ಳೇ ಅನ್ನೋದು ಅಂತ ಬಸ್ಸಲ್ಲೆಲ್ಲಾ ಅದೇ ಯೋಚ್ನೆ. ನೀನು ಮೂರ್ ಸಲ ಬಂದು ಬರ್ಕೊಂಡಿದ್ಯಲ್ಲ, ನಿನ್ನೇ ಕೇಳಾನಾ ಅಂತಿದ್ದೆ. ಓದೋ ಹುಡ್ಗಿ, ಏನಂದ್ಕೊಂತೀಯೋ ಅಂತ ಬಾಯಿಗ್ ಬರ್ಲಿಲ್ಲ. ಬೆಂಚಿನ ಮ್ಯಾಲೆ ಕೂತ್ಕೊಂಡು, ಕರಿಯಾಕ್ ಬರ್ತೀಯಲ್ಲ ಆಗ ಕೇಳಾನ ಅಂತ ಕಾಯ್ತಿದ್ದೆ.’

ಮುನಿವೆಂಕಟಪ್ಪನವರೇ, ಇದನ್ನು ಕೇಳಿದ ಮೇಲೆ ನಾನು ಅಲ್ಲಿ ಹೇಗೆ ಕೂತಿದ್ದೆನೋ ತಿಳಿಯದು. ಬೈಯುತ್ತಾರೆಂದು ಸಿದ್ಧಳಾಗಿ ಬಂದಿದ್ದೆ. ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ನನ್ನನ್ನು ನೋಡುತ್ತಾ, ಇದ್ದಕ್ಕಿದ್ದಂತೆ ಮೊದಲ ಸಾಲು ಎತ್ತಿಕೊಂಡರು.

ನಸುಕಿಗೆ ಎದ್ದೀನಿ ಕಲ್ಲೇ ಮೆಲ್ಲನೆ ತಿರುಗೇ

ಅಷ್ಟು ಹೇಳಿ ನಿಲ್ಲಿಸಿದರು. ಜವಾಬಿನ ಸಾಲು ನನಗೆ ಗೊತ್ತು. ಮುನ್ನೂರು ಜನರ ಮುಂದೆ ಹಾಡಿದ ಸಾಲು. ಬಾಯಿ ತೆರೆದೆ, ದನಿ ಹೊರಡಲಿಲ್ಲ. ಅಜ್ಜಿ ಕಾದರು. ಇನ್ನೊಂದು ಸಲ ಅದೇ ಸಾಲು ಹೇಳಿ ಮತ್ತೆ ಕಾದರು. ನಾನು ಎದ್ದು ನಿಂತು ಬಸ್ಸಿಗೆ ಹೊತ್ತಾಯಿತು ಎಂದೆ.

ತಿಂಗಳುಗಟ್ಟಲೆ ಹಾಡದಿದ್ದವರು ನನಗಾಗಿ ಎತ್ತಿಕೊಂಡಿದ್ದರು. ನಾನು ಅದನ್ನೂ ಅರ್ಧದಲ್ಲೇ ಬಿಟ್ಟು ಬಂದೆ.

ನಿಮ್ಮ ವಿಷಯ ಹೇಳಿಲ್ಲ.

ರಮಾಮಣಿ


ದೇವಸಂದ್ರ
27 ಏಪ್ರಿಲ್ 1975

ರಮಾಮಣಿಯವರಿಗೆ,

ನಿಮ್ಮ ಪತ್ರ ಹೋದ ಗುರುವಾರ ಬಂತು. ಮೂರು ದಿನ ಜೇಬಿನಲ್ಲೇ ಇಟ್ಟುಕೊಂಡು ಓಡಾಡಿದೆ. ಇವತ್ತು ಭಾನುವಾರ. ಬೆಳಗ್ಗೆ ಅಮ್ಮ ಹಿತ್ತಲಲ್ಲಿ ಕುಳಿತಿದ್ದಾಗ ಹೋಗಿ ಪಕ್ಕದಲ್ಲಿ ಕೂತು, ಜನವರಿಯ ಪತ್ರವನ್ನೂ ಇದನ್ನೂ ಪೂರ್ತಿ ಓದಿ ಹೇಳಿದೆ. ‘ನಿಮ್ಮ ವಿಷಯ ಹೇಳಿಲ್ಲ’ ಎಂಬಲ್ಲಿಗೆ ಬಂದಾಗ ಅಮ್ಮ ಕೇಳಿದಳು, ‘ನಿನ್ನ ವಿಷ್ಯ ಏನಪ್ಪ?’

ಹೇಳಿದೆ. ನಾಲ್ಕನೇ ಸಾಲು, ಸಾಹೇಬರು, ನನ್ನ ‘ಹೌದು ಸಾರ್’, ಚಪ್ಪಾಳೆ, ಪಾಳಿಯ ಸುಳ್ಳು, ಎಲ್ಲ. ನೆಲ ನೋಡಿಕೊಂಡೇ ಹೇಳಿದೆ.

ಅಮ್ಮ, ‘ಗೊತ್ತು ಕಣೋ’ ಎಂದಳು. ‘ಆ ಬೆಂಚಿನ ಎದುರ್ಗೇ ಸಭೆ ಕಡೀಕೆ ಒಂದು ಕಿಟ್ಕಿ ಇತ್ತು. ನೀನು ಕೂತಿದ್ದು ಕಾಣ್ತಿತ್ತು. ನನ್ನ ಹೆಸ್ರು ಮೈಕಲ್ಲಿ ಕೂಗ್ದಾಗ ನಿನ್ನ ಕಡೀಕೇ ನೋಡ್ತಿದ್ದೆ.’

ನೀವು ಏಳಬೇಡಿ ಎಂದಿರೆಂದು ಅವಳು ಏಳಲಿಲ್ಲ, ಅದು ನಿಜ. ನಾನು ಏಳುತ್ತೇನೆಂದು ಕಾಯುತ್ತಾ ಕೂತಿದ್ದಳು, ಅದೂ ನಿಜ. ಐದು ತಿಂಗಳು ಇದನ್ನು ಬಾಯಿಬಿಡದೆ ನನಗೆ ಅನ್ನ ಬಡಿಸಿದ್ದಾಳೆ.

ಕಾಗದಗಳನ್ನು ಮಡಿಚುತ್ತಿದ್ದೆ. ಆಗ ಅಮ್ಮ ಆ ಸಾಲು ಎತ್ತಿಕೊಂಡಳು, ನೀವು ಬರೆದಿದ್ದೀರಲ್ಲ, ಅದನ್ನೇ. ಸಾಲು ಮುಗಿಸಿ ನಿಲ್ಲಿಸಿದಳು. ನನ್ನನ್ನು ನೋಡಲಿಲ್ಲ. ಬೇಲಿಯ ಕಡೆ ನೋಡುತ್ತಿದ್ದಳು.

ಬೀಸುವ ಪದ ಹೆಂಗಸರದು. ನಮ್ಮಲ್ಲಿ ಗಂಡಸರು ಹಾಡುವುದಿಲ್ಲ. ಆದರೆ ಚಿಕ್ಕವನಿದ್ದಾಗ ಅಮ್ಮನೂ ನಮ್ಮ ಅತ್ತೆಯೂ ಬೀಸುವಾಗ ನಾನು ಮಲಗುತ್ತಿದ್ದುದು ಆ ಕಲ್ಲಿನ ಪಕ್ಕದಲ್ಲೇ. ಎಲ್ಲ ನುಡಿಗಳೂ ನನಗೆ ಗೊತ್ತು. ನೀವು ಡಿಸೆಂಬರಿನಲ್ಲಿ ಕೇಳಿದಾಗಲೂ ಗೊತ್ತಿತ್ತು. ಅಮ್ಮನನ್ನು ಕೇಳದೆಯೇ ಬರೆದು ಕಳಿಸಬಹುದಿತ್ತು. ಹೆಂಗಸರ ಹಾಡು ಬಾಯಿಪಾಠ ಬರುತ್ತದೆ ಎಂದು ನಿಮಗೆ ತಿಳಿಯುವುದು ನನಗೆ ನಾಚಿಕೆಯಾಗಿತ್ತು.

ಜವಾಬಿನ ಸಾಲು ಹೇಳಿದೆ. ನನ್ನದು ಒಡಕು ದನಿ. ಮುನಿಗಂಗಮ್ಮ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತಳು. ಪಕ್ಕದ ಮನೆಯ ಸಂಜೀವಪ್ಪ ಬೇಲಿಯಾಚೆ ಹಲ್ಲುಜ್ಜುತ್ತಿದ್ದವನು ಕೈ ನಿಲ್ಲಿಸಿ ನೋಡಿದ. ನಾನು ನಿಲ್ಲಿಸಲಿಲ್ಲ.

ಅಮ್ಮ ನನ್ನನ್ನು ಕ್ಷಮಿಸಿದ್ದಾಳೆ, ನಿಮ್ಮನ್ನು ಕ್ಷಮಿಸಿದ್ದಾಳೆ ಎಂದೆಲ್ಲ ಬರೆಯಲಾರೆ. ಅವಳು ಹಾಗೇನೂ ಹೇಳಲಿಲ್ಲ. ಹೇಳಿದ್ದು ಒಂದೇ ಮಾತು. ನಾನು ‘ತವರಿನ ದಾರಿ ಮಂಜಾಗೈತೆ’ ಎಂದು ಹಾಡಿದೆ. ಕೈಯೆತ್ತಿ ನಿಲ್ಲಿಸಿ, ‘ಮಂಜಲ್ಲ ಕಣೋ, ಮಬ್ಬು’ ಎಂದಳು. ಮತ್ತೆ ಮೊದಲಿನಿಂದ ಶುರುಮಾಡಿದಳು.

ಇಂತಿ,
ಮುನಿವೆಂಕಟಪ್ಪ